ಪುನರಾರಂಭದ ಬಳಿಕ ಅಳಿದುಹೋಗುವ ಟಚ್‌ಪ್ಯಾಡ್ ಹೊಂದಾಣಿಕೆಗಳು: ಕಾರಣ ಮತ್ತು ಪರಿಹಾರ

ಸಾಂಗಲಿ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ಬೆಳಗಾವಿ ಹಾಗೂ ವಿಜಯಪುರ ಜಿಲ್ಲೆಗಳ ಗಡಿಗೆ ತಾಗಿಕೊಂಡು ಜತ್ತ ತಾಲೂಕು ಇದೆ. ಇಲ್ಲಿಯ ಉಮದಿ, ಸಂಖ ಮೊದಲಾದ ಊರುಗಳ ಕಡೆಯಲ್ಲಿ ಮನೆಮಾತು ಕನ್ನಡ. ಮಕ್ಕಳು ಜಿಲ್ಲಾ ಪರಿಷದಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕಲಿಯುತ್ತಾರೆ. ಇಂಥ ಒಂದು ಶಾಲೆಯಲ್ಲಿ ಒಂದೇ ಲ್ಯಾಪ್‌ಟಾಪ್ ಇದೆ ಎಂದಿಟ್ಟುಕೊಳ್ಳಬಹುದು. ಶಿಕ್ಷಕರೊಬ್ಬರು ಮರುದಿನದ ಪಾಠಕ್ಕಾಗಿ ಕನ್ನಡದಲ್ಲಿ ಅಭ್ಯಾಸ ಹಾಳೆಯನ್ನು ಬೆರಳಚ್ಚಿಸುತ್ತಿದ್ದಾರೆ. ಅಂಗೈ ಟಚ್‌ಪ್ಯಾಡಿಗೆ ಸೋಕಿದಾಗಲೆಲ್ಲ ಕರ್ಸರ್ ಹಾರಿ ಬೇರೆ ಸಾಲಿಗೆ ಹೋಗುತ್ತದೆ. ಒಂದು ಪದದ ಅರ್ಧ ಮೇಲಿನ ವಾಕ್ಯದಲ್ಲಿ, ಉಳಿದರ್ಧ ಕೆಳಗಿನ ವಾಕ್ಯದಲ್ಲಿ ಬೀಳುತ್ತದೆ. ಅವರು ಸೆಟ್ಟಿಂಗಿಗೆ ಹೋಗಿ, ಬೆರಳು ತಟ್ಟಿದರೆ ಕ್ಲಿಕ್ ಆಗುವ ಸೌಲಭ್ಯವನ್ನು ನಿಲ್ಲಿಸುತ್ತಾರೆ. ಕೆಲಸ ಸುಗಮವಾಗುತ್ತದೆ. ಮರುದಿನ ಬೆಳಿಗ್ಗೆ ಯಂತ್ರವನ್ನು ಚಾಲನೆ ಮಾಡಿದರೆ ಎಲ್ಲವೂ ಮೊದಲಿನಂತೆ. ತಟ್ಟುವಿಕೆ ಮತ್ತೆ ಜಾಗೃತವಾಗಿದೆ.

ನಾಲ್ಕಾರು ದಿನ ಹೀಗೆಯೇ ನಡೆದ ಬಳಿಕ, ಯಂತ್ರ ಕೆಟ್ಟಿದೆ ಎಂಬ ತೀರ್ಮಾನಕ್ಕೆ ಬರುವುದು ಸಹಜ. ರಜೆಯ ದಿನ ಅದನ್ನು ಚೀಲದಲ್ಲಿಟ್ಟುಕೊಂಡು ಸಾಂಗಲಿಗೋ ಮಿರಜಿಗೋ ಹೋಗಿ ದುರಸ್ತಿಯ ಅಂಗಡಿಗೆ ಕೊಡಬೇಕು. ಅದಕ್ಕೆ ಇಡೀ ದಿನ ಹಿಡಿಯುತ್ತದೆ. ಅಂಗಡಿಯಲ್ಲಿ ಸುಲಭವಾದ ಉಪಾಯವೆಂದರೆ ಯಂತ್ರವನ್ನು ಫಾರ್ಮ್ಯಾಟ್ ಮಾಡಿ ವಿಂಡೋಸನ್ನು ಹೊಸದಾಗಿ ಸ್ಥಾಪಿಸುವುದು. ಲ್ಯಾಪ್‌ಟಾಪ್ ಮರಳಿ ಬಂದಾಗ ಟಚ್‌ಪ್ಯಾಡ್ ಸರಿಯಾಗಿರುತ್ತದೆ. ಆದರೆ ವರ್ಷವಿಡೀ ಬೆರಳಚ್ಚಿಸಿದ ಕನ್ನಡ ಅಭ್ಯಾಸ ಹಾಳೆಗಳು, ಪ್ರಶ್ನಪತ್ರಿಕೆಗಳು, ಫಾಂಟುಗಳು ಅಲ್ಲಿರುವುದಿಲ್ಲ. ಮರಾಠಿ ಮಾಧ್ಯಮದ ಶಿಕ್ಷಕರಿಗೆ ಇಂಥ ಸಾಮಗ್ರಿ ನೆರೆಯ ಶಾಲೆಯಲ್ಲಿಯೇ ಸಿಗಬಹುದು. ಗಡಿಭಾಗದ ಕನ್ನಡ ಶಿಕ್ಷಕರು ಅದನ್ನು ಬಹುಮಟ್ಟಿಗೆ ತಾವೇ ತಯಾರಿಸಿಕೊಂಡಿರುತ್ತಾರೆ. ಕಳೆದುಹೋದರೆ ಪುನಃ ತಯಾರಿಸಬೇಕಾದವರೂ ಅವರೇ.

ಈ ನಷ್ಟ ಅನಿವಾರ್ಯವಲ್ಲ. ಹೊಂದಾಣಿಕೆ ಏಕೆ ಅಳಿಯುತ್ತದೆ ಎಂಬುದನ್ನು ಅರಿತರೆ, ಬಹಳಷ್ಟು ಸಂದರ್ಭಗಳಲ್ಲಿ ಶಿಕ್ಷಕರೇ ಶಾಲೆಯಲ್ಲಿ ಕುಳಿತು ಅದನ್ನು ಸರಿಪಡಿಸಬಹುದು.

ಟಚ್‌ಪ್ಯಾಡಿಗೆ ನೆನಪಿಲ್ಲ

ಟಚ್‌ಪ್ಯಾಡಿನ ಮೇಲ್ಮೈಯ ಕೆಳಗೆ ಅತಿ ತೆಳುವಾದ ವಿದ್ಯುದ್ವಾಹಕ ಗೆರೆಗಳ ಜಾಲವಿದೆ. ಬೆರಳು ಸಮೀಪಿಸಿದಾಗ ಆ ಸ್ಥಳದ ವಿದ್ಯುತ್ ಧಾರಕತೆ ಬದಲಾಗುತ್ತದೆ; ಚಿಕ್ಕ ನಿಯಂತ್ರಕವೊಂದು ಆ ಬದಲಾವಣೆಯನ್ನು ಅಳೆದು ಬೆರಳಿನ ಸ್ಥಾನವನ್ನು ಗಣಕಕ್ಕೆ ತಿಳಿಸುತ್ತದೆ. ಬೆವರಿದ ಬೆರಳು, ಒದ್ದೆಯಾದ ಮೇಲ್ಮೈ ಇವುಗಳಿಂದ ಕರ್ಸರ್ ತತ್ತರಿಸುವುದು ಈ ಕಾರಣದಿಂದಲೇ. ಆದರೆ ಅಂಥ ತೊಂದರೆ ದಿನದ ಯಾವ ಹೊತ್ತಿನಲ್ಲಾದರೂ ಕಾಣಿಸಿಕೊಳ್ಳುತ್ತದೆ. ಯಂತ್ರವನ್ನು ನಿಲ್ಲಿಸಿ ಪುನಃ ಚಾಲನೆ ಮಾಡಿದಾಗ ಮಾತ್ರ ಕಾಣಿಸುವ ತೊಂದರೆ ಮೇಲ್ಮೈಯದ್ದಲ್ಲ. ಅದು ದಾಖಲೆಗೆ ಸಂಬಂಧಿಸಿದ್ದು.

ಸಾಮಾನ್ಯವಾಗಿ ಟಚ್‌ಪ್ಯಾಡ್ ತನ್ನ ಹೊಂದಾಣಿಕೆಗಳನ್ನು ತಾನು ನೆನಪಿಟ್ಟುಕೊಳ್ಳುವುದಿಲ್ಲ. ವಿದ್ಯುತ್ ದೊರೆತ ಕ್ಷಣದಲ್ಲಿ ಅದು ಕಾರ್ಖಾನೆಯಲ್ಲಿ ನಿಗದಿಯಾದ ಸ್ಥಿತಿಯಲ್ಲಿ ಎಚ್ಚರಗೊಳ್ಳುತ್ತದೆ. ತಟ್ಟುವಿಕೆ ಬೇಕೋ ಬೇಡವೋ, ಎರಡು ಬೆರಳಿನಿಂದ ಪುಟ ಸರಿಯಬೇಕೋ, ಸೂಕ್ಷ್ಮತೆ ಎಷ್ಟಿರಬೇಕು ಎಂಬುದನ್ನೆಲ್ಲ ಪ್ರತಿ ಸಲವೂ ತಂತ್ರಾಂಶವು ನಿರ್ಣಯಿಸಿ ಜಾರಿಗೆ ತರಬೇಕು.

ಮಿರಜಿನ ಓದುಗರಿಗೆ ಇದನ್ನು ತಂಬೂರಿಯ ಉದಾಹರಣೆಯಿಂದ ವಿವರಿಸುವುದು ಸುಲಭ. ಸಿತಾರ ಹಾಗೂ ತಂಬೂರಿಗಳ ತಯಾರಿಕೆಗೆ ಮಿರಜ ಬಹುಕಾಲದಿಂದ ಹೆಸರಾಗಿದೆ. 2024ರಲ್ಲಿ ಇವುಗಳಿಗೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ನಿನ್ನೆ ಶ್ರುತಿ ಮಾಡಿದ ತಂಬೂರಿ ಇಂದು ಅದೇ ಶ್ರುತಿಯಲ್ಲಿ ಇದ್ದೇ ಇರುತ್ತದೆಂದು ಯಾವ ಗಾಯಕರೂ ನಂಬುವುದಿಲ್ಲ. ತಂತಿಗೆ ನೆನಪಿಲ್ಲ, ಶ್ರುತಿಯ ನೆನಪು ಇರುವುದು ಅದನ್ನು ಕೂಡಿಸುವವರ ಕಿವಿಯಲ್ಲಿ. ಅವರು ಪ್ರತಿ ಬೈಠಕ್ಕಿಗೂ ಬಿರಡೆ ತಿರುಗಿಸಿ, ಮಣಿ ಸರಿಸಿ ಶ್ರುತಿ ಕೂಡಿಸುತ್ತಾರೆ. ಲ್ಯಾಪ್‌ಟಾಪಿನಲ್ಲಿ ಈ ಕೆಲಸವನ್ನು ಕಾರ್ಯಾಚರಣ ವ್ಯವಸ್ಥೆಯೂ ಡ್ರೈವರ್ ಎಂಬ ಚಾಲಕ ತಂತ್ರಾಂಶವೂ ಪ್ರತಿ ಚಾಲನೆಯಲ್ಲಿ ಮಾಡುತ್ತವೆ. ಆದುದರಿಂದ ‘ಹೊಂದಾಣಿಕೆ ಏಕೆ ಅಳಿಯಿತು’ ಎಂದು ಕೇಳುವ ಬದಲು ‘ಇಂದು ಅದನ್ನು ಪುನಃ ಕೂಡಿಸುವ ಕೆಲಸ ಎಲ್ಲಿ ತಪ್ಪಿತು’ ಎಂದು ಕೇಳುವುದು ಉಚಿತ.

ಮೂರು ಸಂಭವಗಳು

ಈ ಪ್ರಶ್ನೆಗೆ ಮುಖ್ಯವಾಗಿ ಮೂರು ಉತ್ತರಗಳಿವೆ.

ಒಂದನೆಯದಾಗಿ, ದಾಖಲೆ ಉಳಿದಿಲ್ಲ. ಶಿಕ್ಷಕರು ಮಾಡಿದ ಬದಲಾವಣೆ ಆ ಹೊತ್ತಿಗೆ ಜಾರಿಯಾಯಿತು. ಆದರೆ ಡಿಸ್ಕಿನಲ್ಲಿ ಶಾಶ್ವತವಾಗಿ ಬರೆಯಲ್ಪಡಲಿಲ್ಲ, ಅಥವಾ ಬರೆದದ್ದು ಅಳಿಸಲ್ಪಟ್ಟಿತು.

ಎರಡನೆಯದಾಗಿ, ದಾಖಲೆ ಇದೆ. ಆದರೆ ಅದನ್ನು ಟಚ್‌ಪ್ಯಾಡಿಗೆ ಮುಟ್ಟಿಸಬೇಕಾದ ವಾಹಕ ಕೆಲಸಕ್ಕೆ ಬಂದಿಲ್ಲ. ಡ್ರೈವರ್ ಅಥವಾ ಅದರ ಸಹಾಯಕ ಕಾರ್ಯಕ್ರಮ ಆರಂಭವಾಗದೆ ಉಳಿದಿದೆ.

ಮೂರನೆಯದಾಗಿ, ದಾಖಲೆಯೂ ಇದೆ, ವಾಹಕವೂ ಬಂದಿದೆ. ಆದರೆ ಇನ್ನಾರೋ ಅದರ ಮೇಲೆ ಬೇರೆಯದನ್ನು ಬರೆದಿದ್ದಾರೆ. ಹೀಗೆ ಬರೆಯುವುದು ಒಂದು ಅಪ್‌ಡೇಟ್ ಇರಬಹುದು, ಇನ್ನೊಂದು ತಂತ್ರಾಂಶ ಇರಬಹುದು, ಸಹೋದ್ಯೋಗಿಯೂ ಇರಬಹುದು.

ಪರಿಹಾರಕ್ಕೆ ಕೈಹಾಕುವ ಮುನ್ನ ಈ ಮೂರರಲ್ಲಿ ಯಾವುದು ಎಂಬುದನ್ನು ನಿರ್ಧರಿಸಬೇಕು. ರೋಗ ತಿಳಿಯದೆ ಔಷಧ ಕೊಡುವ ಚಿಕಿತ್ಸೆಗೆ ಗಣಕದ ಲೋಕದಲ್ಲಿರುವ ಹೆಸರೇ ಫಾರ್ಮ್ಯಾಟ್.

ಪ್ರಾಥಮಿಕ ವಿಚಾರಣೆ

ಶಿಕ್ಷಕರು ಒಂದು ಕಾಗದವನ್ನು ತೆಗೆದುಕೊಂಡು ಕೆಳಗಿನ ಪರೀಕ್ಷೆಗಳ ಫಲಿತಾಂಶವನ್ನು ದಾಖಲಿಸಬೇಕು. ಎಲ್ಲ ಪರೀಕ್ಷೆಗಳನ್ನೂ ಮುಗಿಸಲು ಒಂದು ತಾಸಿಗಿಂತ ಹೆಚ್ಚು ಬೇಕಾಗದು.

1. ಬೇರೇನು ಅಳಿಯುತ್ತದೆ? ಟಚ್‌ಪ್ಯಾಡಿನ ಹೊಂದಾಣಿಕೆಯೊಂದಿಗೆ ಪರದೆಯ ಹಿನ್ನೆಲೆಯ ಚಿತ್ರವನ್ನೂ ಬದಲಿಸಿ, ಡೆಸ್ಕ್‌ಟಾಪಿನ ಮೇಲೆ ಒಂದು ಖಾಲಿ ಕಡತವನ್ನೂ ಇಟ್ಟು ಯಂತ್ರವನ್ನು ಪುನರಾರಂಭಿಸಬೇಕು. ಚಿತ್ರವೂ ಕಡತವೂ ಮಾಯವಾಗಿದ್ದರೆ ದೋಷ ಟಚ್‌ಪ್ಯಾಡಿಗೆ ಸೀಮಿತವಲ್ಲ. ಬಳಕೆದಾರರ ದಾಖಲೆಯೇ ಉಳಿಯುತ್ತಿಲ್ಲ. ಅವೆರಡೂ ಉಳಿದು ಟಚ್‌ಪ್ಯಾಡ್ ಮಾತ್ರ ಬದಲಾಗಿದ್ದರೆ ಎರಡನೆಯ ಅಥವಾ ಮೂರನೆಯ ಸಂಭವವನ್ನು ಪರಿಶೀಲಿಸಬೇಕು.

2. ಯಾವಾಗ ಅಳಿಯುತ್ತದೆ? ಮೊದಲು ಖಾತೆಯಿಂದ ಸೈನ್ ಔಟ್ ಆಗಿ ಮತ್ತೆ ಪ್ರವೇಶಿಸಬೇಕು. ಅನಂತರ ‘ರಿಸ್ಟಾರ್ಟ್’ ಮಾಡಬೇಕು. ಕೊನೆಗೆ ‘ಶಟ್ ಡೌನ್’ ಮಾಡಿ ಕೆಲವು ನಿಮಿಷಗಳ ಬಳಿಕ ಚಾಲನೆ ನೀಡಬೇಕು. ಪ್ರತಿ ಹಂತದ ನಂತರ ಹೊಂದಾಣಿಕೆ ಉಳಿದಿದೆಯೇ ಎಂಬುದನ್ನು ಬರೆದಿಡಬೇಕು. ರಿಸ್ಟಾರ್ಟ್ ಮತ್ತು ಶಟ್ ಡೌನ್ ಒಂದೇ ಅಲ್ಲ. ಈ ವ್ಯತ್ಯಾಸದ ಮಹತ್ವವನ್ನು ಮುಂದೆ ವಿವರಿಸಲಾಗಿದೆ.

3. ಯಾವ ಖಾತೆಯಲ್ಲಿ ಅಳಿಯುತ್ತದೆ? ವಿಂಡೋಸಿನಲ್ಲಿ ಟಚ್‌ಪ್ಯಾಡಿನ ಹೆಚ್ಚಿನ ಹೊಂದಾಣಿಕೆಗಳು ಬಳಕೆದಾರರ ಖಾತೆಗೆ ಸೇರಿದವು. ಒಂದು ಖಾತೆಯಲ್ಲಿ ಮಾಡಿದ ಬದಲಾವಣೆ ಇನ್ನೊಂದು ಖಾತೆಯಲ್ಲಿ ಕಾಣದಿದ್ದರೆ ಅದು ದೋಷವಲ್ಲ. ಮುಖ್ಯಾಧ್ಯಾಪಕರ ಖಾತೆಯಲ್ಲಿ ಬದಲಾಯಿಸಿ ಶಿಕ್ಷಕರ ಖಾತೆಯಲ್ಲಿ ಹುಡುಕುವುದು ಸಾಮಾನ್ಯವಾಗಿ ಆಗುವ ತಪ್ಪು.

4. ದಿನಾಂಕ ಸರಿಯಿದೆಯೇ? ರಾತ್ರಿಯಿಡೀ ನಿಂತಿದ್ದ ಯಂತ್ರ ಬೆಳಿಗ್ಗೆ ಹಲವು ವರ್ಷಗಳ ಹಿಂದಿನ ದಿನಾಂಕವನ್ನು ತೋರಿಸಿದರೆ ಅದನ್ನೂ ದಾಖಲಿಸಬೇಕು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪರೀಕ್ಷಿಸಿ, ಮುಂದೆ ಹೋಗುವುದು ಇಲ್ಲಿಯ ನಿಯಮ. ನಾಲ್ಕು ಬದಲಾವಣೆಗಳನ್ನು ಒಮ್ಮೆಲೇ ಮಾಡಿದರೆ ದೋಷ ನಿವಾರಣೆಯಾದರೂ ಕಾರಣ ತಿಳಿಯುವುದಿಲ್ಲ. ಮುಂದಿನ ಸಲ ಪುನಃ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ದಾಖಲೆ ಉಳಿಯದಿದ್ದಾಗ

ಬಳಕೆದಾರರ ಪ್ರೊಫೈಲನ್ನು ತೆರೆಯಲು ಸಾಧ್ಯವಾಗದಿದ್ದಾಗ ವಿಂಡೋಸ್ ಒಂದು ತಾತ್ಕಾಲಿಕ ಪ್ರೊಫೈಲನ್ನು ಸೃಷ್ಟಿಸಿ ಕೆಲಸಕ್ಕೆ ಅವಕಾಶ ಕೊಡುತ್ತದೆ. ಪರದೆಯ ಮೂಲೆಯಲ್ಲಿ ಇದರ ಸೂಚನೆ ಕೆಲವು ಕ್ಷಣ ಕಾಣಿಸಿ ಮರೆಯಾಗುವುದರಿಂದ ಅನೇಕರು ಅದನ್ನು ಗಮನಿಸುವುದಿಲ್ಲ. ಸಿ ಡ್ರೈವಿನ ‘ಯೂಸರ್ಸ್’ ಫೋಲ್ಡರಿನಲ್ಲಿ ‘ಟೆಂಪ್’ ಎಂಬ ಹೆಸರಿನ ಫೋಲ್ಡರ್ ಕಂಡುಬಂದರೆ ಸಂಶಯ ದೃಢವಾಗುತ್ತದೆ. ತಾತ್ಕಾಲಿಕ ಪ್ರೊಫೈಲಿನಲ್ಲಿ ಮಾಡಿದ ಹೊಂದಾಣಿಕೆಗಳೊಂದಿಗೆ ಡೆಸ್ಕ್‌ಟಾಪಿನ ಮೇಲೆ ಉಳಿಸಿದ ಕಡತಗಳೂ ಸೈನ್ ಔಟ್ ಆದೊಡನೆ ಅಳಿದುಹೋಗುತ್ತವೆ. ಆದುದರಿಂದ ಇಂಥ ಸ್ಥಿತಿ ಕಂಡಾಗ ಟಚ್‌ಪ್ಯಾಡಿನ ವಿಚಾರವನ್ನು ಬದಿಗಿಟ್ಟು, ಅಂದು ತಯಾರಿಸಿದ ಕಡತಗಳನ್ನು ಮೊದಲು ಪೆನ್ ಡ್ರೈವಿಗೆ ನಕಲಿಸಿಕೊಳ್ಳಬೇಕು. ಅನಂತರ ಯಂತ್ರವನ್ನು ಪುನರಾರಂಭಿಸಿ ನೋಡಬೇಕು. ಕೆಲವೊಮ್ಮೆ ಅಷ್ಟರಿಂದಲೇ ಮೂಲ ಪ್ರೊಫೈಲ್ ತೆರೆದುಕೊಳ್ಳುತ್ತದೆ. ತೊಂದರೆ ಮುಂದುವರಿದರೆ ಹೊಸ ಬಳಕೆದಾರ ಖಾತೆಯನ್ನು ಸೃಷ್ಟಿಸಿ, ಹಳೆಯ ಕಡತಗಳನ್ನು ಅಲ್ಲಿಗೆ ಸಾಗಿಸುವುದು ಸುರಕ್ಷಿತ ಮಾರ್ಗ. ಇದಕ್ಕೆ ಫಾರ್ಮ್ಯಾಟ್ ಅಗತ್ಯವಿಲ್ಲ.

ಗಣಕ ಪ್ರಯೋಗಾಲಯಗಳಲ್ಲಿ ಇನ್ನೊಂದು ಕಾರಣವಿರುತ್ತದೆ. ಮಕ್ಕಳು ಮಾಡಿದ ಬದಲಾವಣೆಗಳಿಂದ ಯಂತ್ರಗಳು ಕೆಡದಂತೆ, ಪ್ರತಿ ಪುನರಾರಂಭದಲ್ಲಿ ಡಿಸ್ಕನ್ನು ಮೂಲಸ್ಥಿತಿಗೆ ತರುವ ರಕ್ಷಣಾ ತಂತ್ರಾಂಶವನ್ನು ಕೆಲವೆಡೆ ಅಳವಡಿಸಿರುತ್ತಾರೆ. ಅಲ್ಲಿ ಹೊಂದಾಣಿಕೆ ಅಳಿಯುವುದು ದೋಷವಲ್ಲ, ಉದ್ದೇಶಪೂರ್ವಕ ವ್ಯವಸ್ಥೆ. ಪ್ರಯೋಗಾಲಯದ ಹೊಣೆ ಹೊತ್ತವರು ಆ ರಕ್ಷಣೆಯನ್ನು ತಾತ್ಕಾಲಿಕವಾಗಿ ತೆರವುಗೊಳಿಸಿ, ಬೇಕಾದ ಹೊಂದಾಣಿಕೆಯನ್ನು ಮಾಡಿ, ಮತ್ತೆ ರಕ್ಷಣೆಯನ್ನು ಜಾರಿಗೊಳಿಸಬೇಕು.

ಮೂರನೆಯ ಕಾರಣ ವಿದ್ಯುತ್ತಿಗೆ ಸಂಬಂಧಿಸಿದ್ದು. ವಿಂಡೋಸ್ ತನ್ನ ಹೊಂದಾಣಿಕೆಗಳನ್ನು ರಿಜಿಸ್ಟ್ರಿ ಎಂಬ ದಾಖಲೆ ಸಂಗ್ರಹದಲ್ಲಿಡುತ್ತದೆ. ಬದಲಾವಣೆ ಮೊದಲು ಸ್ಮೃತಿಯಲ್ಲಿ ಆಗಿ, ತುಸು ಹೊತ್ತಿನ ಬಳಿಕ ಡಿಸ್ಕಿಗೆ ಬರೆಯಲ್ಪಡುತ್ತದೆ. ಸೈನ್ ಔಟ್ ಆಗುವಾಗ ಅದು ಪೂರ್ಣಗೊಳ್ಳುತ್ತದೆ. ಬ್ಯಾಟರಿ ಸತ್ತುಹೋಗಿ ಕೇವಲ ವಿದ್ಯುತ್ ತಂತಿಯ ಆಧಾರದಿಂದ ನಡೆಯುವ ಹಳೆಯ ಲ್ಯಾಪ್‌ಟಾಪಿನಲ್ಲಿ, ಬದಲಾವಣೆ ಮಾಡಿದೊಡನೆ ಕರೆಂಟು ಹೋದರೆ ಅಥವಾ ಪವರ್ ಗುಂಡಿಯನ್ನು ಒತ್ತಿಹಿಡಿದು ಯಂತ್ರವನ್ನು ನಿಲ್ಲಿಸಿದರೆ ಆ ದಾಖಲೆ ಕಳೆದುಹೋಗುವ ಸಂಭವವಿದೆ. ಇದು ನಿತ್ಯದ ಕಾರಣವಲ್ಲ. ಆದರೂ ಹೊಂದಾಣಿಕೆಯನ್ನು ಬದಲಿಸಿದ ಮೇಲೆ ಒಮ್ಮೆ ಕ್ರಮಬದ್ಧವಾಗಿ ಸೈನ್ ಔಟ್ ಆಗುವುದು ಉತ್ತಮ ರೂಢಿ. ಒತ್ತಿಹಿಡಿದು ನಿಲ್ಲಿಸುವ ಅಭ್ಯಾಸದಿಂದ ಪ್ರೊಫೈಲಿಗೂ ಧಕ್ಕೆಯಾಗಬಹುದು.

ವಾಹಕ ಬಾರದಿದ್ದಾಗ

ಲ್ಯಾಪ್‌ಟಾಪಿನಲ್ಲಿರುವ ಟಚ್‌ಪ್ಯಾಡ್ ಯಾವ ಬಗೆಯದು ಎಂಬುದನ್ನು ಇಲ್ಲಿ ತಿಳಿಯಬೇಕಾಗುತ್ತದೆ. 2013ರಲ್ಲಿ ಬಂದ ವಿಂಡೋಸ್ 8.1ರಿಂದ ‘ಪ್ರಿಸಿಷನ್ ಟಚ್‌ಪ್ಯಾಡ್’ ಎಂಬ ಬಗೆ ಬಳಕೆಗೆ ಬಂದಿತು. ಇದರ ಹೊಂದಾಣಿಕೆಗಳನ್ನು ವಿಂಡೋಸ್ ತಾನೇ ನಿರ್ವಹಿಸುತ್ತದೆ. ವಿಂಡೋಸ್ 11ರಲ್ಲಿ ‘ಸೆಟ್ಟಿಂಗ್ಸ್’, ಅದರೊಳಗೆ ‘ಬ್ಲೂಟೂತ್ ಅಂಡ್ ಡಿವೈಸಸ್’, ಅದರೊಳಗೆ ‘ಟಚ್‌ಪ್ಯಾಡ್’ ಎಂಬ ಪುಟದಲ್ಲಿ ಇವು ದೊರೆಯುತ್ತವೆ. ವಿಂಡೋಸ್ 10ರಲ್ಲಿ ‘ಸೆಟ್ಟಿಂಗ್ಸ್’, ‘ಡಿವೈಸಸ್’, ‘ಟಚ್‌ಪ್ಯಾಡ್’ ಎಂಬ ಕ್ರಮ. ತಟ್ಟುವಿಕೆಯನ್ನು ನಿಲ್ಲಿಸುವ ಮತ್ತು ಸೂಕ್ಷ್ಮತೆಯನ್ನು ತಗ್ಗಿಸುವ ಆಯ್ಕೆಗಳು ‘ಟ್ಯಾಪ್ಸ್’ ಎಂಬ ಭಾಗದಲ್ಲಿವೆ.

ಹಳೆಯ ಲ್ಯಾಪ್‌ಟಾಪುಗಳ ವ್ಯವಸ್ಥೆ ಬೇರೆ. ಸಿನಾಪ್ಟಿಕ್ಸ್, ಎಲಾನ್, ಆಲ್ಪ್ಸ್ ಮೊದಲಾದ ತಯಾರಕರ ಟಚ್‌ಪ್ಯಾಡುಗಳಿಗೆ ಅವರದೇ ಡ್ರೈವರೂ ಸಹಾಯಕ ಕಾರ್ಯಕ್ರಮವೂ ಇರುತ್ತವೆ. ಇವುಗಳ ಹೊಂದಾಣಿಕೆ ‘ಕಂಟ್ರೋಲ್ ಪ್ಯಾನೆಲ್’ನ ‘ಮೌಸ್’ ಪೆಟ್ಟಿಗೆಯಲ್ಲಿ, ಸಾಮಾನ್ಯವಾಗಿ ಕೊನೆಯ ಪುಟದಲ್ಲಿ ಸಿಗುತ್ತದೆ. ಶಿಕ್ಷಕರು ಉಳಿಸಿದ ಹೊಂದಾಣಿಕೆಯನ್ನು ಪ್ರತಿ ಚಾಲನೆಯಲ್ಲಿ ಟಚ್‌ಪ್ಯಾಡಿಗೆ ಮುಟ್ಟಿಸುವುದು ಈ ಸಹಾಯಕ ಕಾರ್ಯಕ್ರಮದ ಕೆಲಸ. ‘ಯಂತ್ರ ನಿಧಾನವಾಗಿದೆ’ ಎಂಬ ದೂರಿಗೆ ಉಪಾಯವೆಂದು ಆರಂಭದ ಕಾರ್ಯಕ್ರಮಗಳನ್ನೆಲ್ಲ ಸ್ಥಗಿತಗೊಳಿಸುವ ರೂಢಿಯಿದೆ. ಆಗ ಈ ವಾಹಕವೂ ಸ್ಥಗಿತಗೊಳ್ಳುತ್ತದೆ. ದಾಖಲೆ ಪೆಟ್ಟಿಗೆಯಲ್ಲಿ ಭದ್ರವಾಗಿರುತ್ತದೆ. ಅದನ್ನು ಹೊತ್ತು ತರುವವರಿರುವುದಿಲ್ಲ.

ಇದನ್ನು ಪರಿಶೀಲಿಸಲು ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ‘ಟಾಸ್ಕ್ ಮ್ಯಾನೇಜರ್’ ತೆರೆಯಬೇಕು. ಅದರ ‘ಸ್ಟಾರ್ಟ್‌ಅಪ್’ ಪುಟದಲ್ಲಿ ಟಚ್‌ಪ್ಯಾಡ್ ತಯಾರಕರ ಹೆಸರಿನ ಕಾರ್ಯಕ್ರಮ ‘ಡಿಸೇಬಲ್ಡ್’ ಎಂದಿದ್ದರೆ ಅದನ್ನು ‘ಎನೇಬಲ್’ ಮಾಡಿ ಪುನರಾರಂಭಿಸಬೇಕು. ಅಲ್ಲಿ ಅಂಥ ಹೆಸರೇ ಇಲ್ಲದೆ, ಮೌಸ್ ಪೆಟ್ಟಿಗೆಯಲ್ಲಿ ತಯಾರಕರ ಪುಟವೂ ಕಾಣದಿದ್ದರೆ ಮೂಲ ಡ್ರೈವರ್ ಹೋಗಿ ಸಾಮಾನ್ಯ ಮೌಸಿನ ಡ್ರೈವರ್ ಬಂದಿದೆ ಎಂದು ತಿಳಿಯಬೇಕು. ಲ್ಯಾಪ್‌ಟಾಪ್ ತಯಾರಕರ ಅಧಿಕೃತ ತಾಣದಿಂದ, ಯಂತ್ರದ ಅಡಿಯಲ್ಲಿ ಮುದ್ರಿತವಾದ ಮಾದರಿಯ ಸಂಖ್ಯೆಯ ಆಧಾರದಿಂದ ಸರಿಯಾದ ಡ್ರೈವರನ್ನು ಪಡೆದು ಸ್ಥಾಪಿಸಬೇಕು. ಅಪರಿಚಿತ ತಾಣಗಳ ಡ್ರೈವರ್ ಸಂಗ್ರಹಗಳನ್ನು ಬಳಸಬಾರದು.

ಎರಡನೆಯ ಪರೀಕ್ಷೆಯಲ್ಲಿ ‘ರಿಸ್ಟಾರ್ಟ್ ಮಾಡಿದಾಗ ಉಳಿಯುತ್ತದೆ, ಶಟ್ ಡೌನ್ ಮಾಡಿದಾಗ ಅಳಿಯುತ್ತದೆ’ ಎಂಬ ಉತ್ತರ ಬಂದಿದ್ದರೆ ಕಾರಣ ಬಹುಶಃ ‘ಫಾಸ್ಟ್ ಸ್ಟಾರ್ಟ್‌ಅಪ್’. ವಿಂಡೋಸ್ 8ರಿಂದ ಬಂದ ಈ ವ್ಯವಸ್ಥೆಯಲ್ಲಿ ಶಟ್ ಡೌನ್ ಮಾಡಿದಾಗ ಯಂತ್ರ ಪೂರ್ಣವಾಗಿ ನಿಲ್ಲುವುದಿಲ್ಲ. ವ್ಯವಸ್ಥೆಯ ತಿರುಳನ್ನೂ ಡ್ರೈವರುಗಳ ಸ್ಥಿತಿಯನ್ನೂ ಡಿಸ್ಕಿಗೆ ಬರೆದಿಟ್ಟು, ಮುಂದಿನ ಚಾಲನೆಯಲ್ಲಿ ಅದನ್ನೇ ಎತ್ತಿಕೊಳ್ಳುತ್ತದೆ. ಇದರಿಂದ ಆರಂಭ ಬೇಗನಾಗುತ್ತದೆ. ಆದರೆ ಡ್ರೈವರ್ ‘ನಾನು ಈಗಾಗಲೇ ಎಲ್ಲವನ್ನೂ ಹೇಳಿದ್ದೇನೆ’ ಎಂಬ ಸ್ಥಿತಿಯಲ್ಲಿ ಎಚ್ಚರಗೊಂಡು, ವಿದ್ಯುತ್ ಕಳೆದುಕೊಂಡ ಟಚ್‌ಪ್ಯಾಡ್ ಕಾರ್ಖಾನೆಯ ಸ್ಥಿತಿಯಲ್ಲಿ ಎಚ್ಚರಗೊಂಡರೆ ಇಬ್ಬರ ನಡುವೆ ತಾಳ ತಪ್ಪಬಹುದು. ಪರೀಕ್ಷೆಗಾಗಿ ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ಶಟ್ ಡೌನ್ ಮಾಡಬೇಕು. ಆಗ ಯಂತ್ರ ಪೂರ್ಣವಾಗಿ ನಿಲ್ಲುತ್ತದೆ. ಹಾಗೆ ಮಾಡಿದಾಗ ಹೊಂದಾಣಿಕೆ ಉಳಿದರೆ, ‘ಕಂಟ್ರೋಲ್ ಪ್ಯಾನೆಲ್’ನ ‘ಪವರ್ ಆಪ್ಷನ್ಸ್’ನಲ್ಲಿ ಪವರ್ ಗುಂಡಿಗಳ ಕೆಲಸವನ್ನು ನಿರ್ಧರಿಸುವ ಪುಟಕ್ಕೆ ಹೋಗಿ ಫಾಸ್ಟ್ ಸ್ಟಾರ್ಟ್‌ಅಪ್ಪಿನ ಗುರುತನ್ನು ತೆಗೆಯಬೇಕು. ಆ ಗುರುತು ಮಸುಕಾಗಿ ಕಂಡರೆ, ಅದೇ ಪುಟದ ಮೇಲ್ಭಾಗದಲ್ಲಿ ಸದ್ಯ ಲಭ್ಯವಿಲ್ಲದ ಆಯ್ಕೆಗಳನ್ನು ಬದಲಿಸುವ ಕೊಂಡಿಯನ್ನು ಮೊದಲು ಒತ್ತಬೇಕು. ಆರಂಭಕ್ಕೆ ಕೆಲವು ಕ್ಷಣ ಹೆಚ್ಚು ಹಿಡಿಯುತ್ತದೆ, ಬೇರೆ ಹಾನಿಯಿಲ್ಲ.

ಮೇಲೆ ಇನ್ನಾರೋ ಬರೆದಾಗ

ವಿಂಡೋಸಿನ ದೊಡ್ಡ ಅಪ್‌ಡೇಟುಗಳು ಡ್ರೈವರನ್ನು ಬದಲಿಸಿದಾಗ ಹೊಂದಾಣಿಕೆಗಳು ಮೂಲಸ್ಥಿತಿಗೆ ಹೋಗಬಹುದು. ಇದು ಪ್ರತಿದಿನವಲ್ಲ, ಅಪ್‌ಡೇಟಿನ ಮರುದಿನ ಮಾತ್ರ ಕಾಣಿಸುವುದರಿಂದ ಗುರುತಿಸುವುದು ಸುಲಭ. ‘ಡಿವೈಸ್ ಮ್ಯಾನೇಜರ್’ನಲ್ಲಿ ಟಚ್‌ಪ್ಯಾಡಿನ ಡ್ರೈವರ್ ಪುಟವನ್ನು ತೆರೆದರೆ ಅದರ ದಿನಾಂಕ ತಿಳಿಯುತ್ತದೆ, ಅಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಎಂಬ ಗುಂಡಿ ಸಕ್ರಿಯವಾಗಿದ್ದರೆ ಹಿಂದಿನ ಡ್ರೈವರಿಗೆ ಮರಳಬಹುದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಕ್ತಾಯವಾದುದರಿಂದ ಹಲವು ಯಂತ್ರಗಳು ವಿಂಡೋಸ್ 11ಕ್ಕೆ ಏರುತ್ತಿವೆ. ಹಾಗೆ ಏರಿದ ಯಂತ್ರದಲ್ಲಿ ಹಳೆಯ ಸಹಾಯಕ ಕಾರ್ಯಕ್ರಮವೂ ಉಳಿದುಕೊಂಡು, ಒಂದೇ ಟಚ್‌ಪ್ಯಾಡಿಗೆ ಎರಡು ಕಡೆಯಿಂದ ಆಜ್ಞೆ ಬರುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಹೊಂದಾಣಿಕೆ ಅಳಿಯದೆ, ಅಳಿದಂತೆ ಕಾಣುವ ಎರಡು ಸಂದರ್ಭಗಳೂ ಇವೆ. ಟಚ್‌ಪ್ಯಾಡ್ ಪುಟದಲ್ಲಿ ‘ಮೌಸ್ ಜೋಡಿಸಿದಾಗಲೂ ಟಚ್‌ಪ್ಯಾಡ್ ಚಾಲನೆಯಲ್ಲಿರಲಿ’ ಎಂಬ ಅರ್ಥದ ಆಯ್ಕೆಯಿದೆ. ಅದಕ್ಕೆ ಗುರುತಿಲ್ಲದಿದ್ದರೆ, ತಂತಿರಹಿತ ಮೌಸಿನ ಪುಟ್ಟ ಗ್ರಾಹಕ ಯಂತ್ರಕ್ಕೆ ಸಿಕ್ಕಿಸಿಕೊಂಡೇ ಉಳಿದಾಗ ಟಚ್‌ಪ್ಯಾಡ್ ಸ್ತಬ್ಧವಾಗುತ್ತದೆ. ಹಾಗೆಯೇ ಕೀಲಿಮಣೆಯ ಮೇಲುಸಾಲಿನಲ್ಲಿ ಟಚ್‌ಪ್ಯಾಡಿನ ಚಿತ್ರವಿರುವ ಕೀಲಿಯೊಂದು ಅನೇಕ ಲ್ಯಾಪ್‌ಟಾಪುಗಳಲ್ಲಿರುತ್ತದೆ. ಅದನ್ನು ಅರಿಯದೆ ಒತ್ತಿದರೂ ಇದೇ ಪರಿಣಾಮ.

ಶಾಲೆಗಳಲ್ಲಿ ಹೆಚ್ಚು ಸಂಭವನೀಯವಾದ ಕಾರಣ ಮಾನವೀಯವಾದದ್ದು. ಒಂದೇ ಖಾತೆಯನ್ನು ಮೂವರು ಶಿಕ್ಷಕರು ಬಳಸುತ್ತಾರೆ. ಒಬ್ಬರಿಗೆ ತಟ್ಟುವಿಕೆ ಬೇಡ; ಇನ್ನೊಬ್ಬರಿಗೆ ಅದಿಲ್ಲದೆ ಆಗದು. ಬೆಳಗಿನವರು ನಿಲ್ಲಿಸಿದ್ದನ್ನು ಮಧ್ಯಾಹ್ನದವರು ಆರಂಭಿಸುತ್ತಾರೆ. ಇಬ್ಬರೂ ಯಂತ್ರವನ್ನು ದೂಷಿಸುತ್ತಾರೆ. ಪ್ರತಿಯೊಬ್ಬ ಶಿಕ್ಷಕರಿಗೂ, ಮಕ್ಕಳ ಬಳಕೆಗೂ ಪ್ರತ್ಯೇಕ ಖಾತೆಗಳನ್ನು ರಚಿಸುವುದೊಂದೇ ಇದಕ್ಕೆ ಪರಿಹಾರ. ಇದರಿಂದ ಕನ್ನಡ ಕೀಲಿಮಣೆಯ ಗೊಂದಲವೂ ತಪ್ಪುತ್ತದೆ. ಕನ್ನಡ, ಮರಾಠಿ, ಇಂಗ್ಲಿಷ್ ಎಂಬ ಮೂರು ಕೀಲಿಮಣೆಗಳ ಪಟ್ಟಿಯೂ ಖಾತೆಗೆ ಸೇರಿದ ಹೊಂದಾಣಿಕೆಯೇ. ‘ಕನ್ನಡ ಮತ್ತೆ ಹೋಯಿತು’ ಎಂಬ ದೂರನ್ನೂ ಇದೇ ಮೂರು ಪ್ರಶ್ನೆಗಳಿಂದ ಪರೀಕ್ಷಿಸಬಹುದು.

ಯಂತ್ರ ನಿಜವಾಗಿ ದುರಸ್ತಿಯನ್ನು ಬೇಡುವಾಗ

ನಾಲ್ಕನೆಯ ಪರೀಕ್ಷೆಯಲ್ಲಿ ದಿನಾಂಕವೂ ಹಿಂದೆ ಸರಿದಿದ್ದರೆ, ಗಡಿಯಾರವನ್ನು ನಡೆಸುವ ನಾಣ್ಯದಾಕಾರದ ಪುಟ್ಟ ಬ್ಯಾಟರಿ ಮುಗಿದಿರುವ ಸಂಭವವಿದೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ಟಚ್‌ಪ್ಯಾಡಿನ ಮೂಲ ವಿಧಾನವನ್ನು ವಿಂಡೋಸಿಗೂ ಮೊದಲು ತೆರೆಯುವ ಫರ್ಮ್‌ವೇರ್ ಪುಟದಲ್ಲಿ ನಿಗದಿಪಡಿಸಲಾಗಿರುತ್ತದೆ. ಈ ಬ್ಯಾಟರಿ ಮುಗಿದಾಗ ಅದೂ ಮೂಲಸ್ಥಿತಿಗೆ ಹೋಗಬಹುದು. ಯಂತ್ರವನ್ನು ಬಿಚ್ಚಿ ಬ್ಯಾಟರಿ ಬದಲಿಸುವುದು ದುರಸ್ತಿಗಾರರ ಕೆಲಸ. ಇದಕ್ಕಾಗಿ ಸಾಂಗಲಿ ಅಥವಾ ಮಿರಜಿಗೆ ಹೋಗುವುದು ನ್ಯಾಯ. ಆಗಲೂ ಫಾರ್ಮ್ಯಾಟ್ ಬೇಕಾಗಿಲ್ಲ.

ಲಿನಕ್ಸ್ ಇರುವ ಯಂತ್ರಗಳು

ಹಳೆಯ ಲ್ಯಾಪ್‌ಟಾಪುಗಳಿಗೆ ಲಿನಕ್ಸ್ ಅಳವಡಿಸುವ ಶಾಲೆಗಳೂ ಇವೆ. ಕೇರಳದಲ್ಲಿ ಕೈಟ್ ಸಂಸ್ಥೆಯು ಸರಕಾರಿ ಶಾಲೆಗಳಿಗೆ ಸ್ವತಂತ್ರ ತಂತ್ರಾಂಶದ ಕಾರ್ಯಾಚರಣ ವ್ಯವಸ್ಥೆಯನ್ನು ಒದಗಿಸುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಅದರಲ್ಲಿಯೇ ಗಣಕವನ್ನು ಕಲಿಯುತ್ತಾರೆ. ಸಿ-ಡ್ಯಾಕ್ ರೂಪಿಸಿದ ಬಾಸ್ ಲಿನಕ್ಸಿನಲ್ಲಿಯೂ ಕನ್ನಡದ ಬೆಂಬಲವಿದೆ.

ಲಿನಕ್ಸಿನಲ್ಲಿ ಮೊದಲನೆಯ ಸಂಭವವೇ ಹೆಚ್ಚು. ಟರ್ಮಿನಲ್ಲಿನಲ್ಲಿ ‘ಎಕ್ಸ್‌ಇನ್‌ಪುಟ್’ ಎಂಬ ಆಜ್ಞೆಯಿಂದ ಮಾಡಿದ ಬದಲಾವಣೆ ಆ ಅಧಿವೇಶನಕ್ಕೆ ಮಾತ್ರ ಸಲ್ಲುತ್ತದೆ. ಅದು ಎಲ್ಲಿಯೂ ದಾಖಲಾಗುವುದಿಲ್ಲ. ಡೆಸ್ಕ್‌ಟಾಪಿನ ‘ಸೆಟ್ಟಿಂಗ್ಸ್’ನಲ್ಲಿರುವ ‘ಮೌಸ್ ಅಂಡ್ ಟಚ್‌ಪ್ಯಾಡ್’ ಪುಟದಿಂದ ಬದಲಿಸಿದರೆ ಅದು ಬಳಕೆದಾರರ ಹೆಸರಿನಲ್ಲಿ ದಾಖಲಾಗಿ ಉಳಿಯುತ್ತದೆ. ಎಲ್ಲ ಬಳಕೆದಾರರಿಗೂ ಅನ್ವಯಿಸಬೇಕಾದರೆ ವ್ಯವಸ್ಥೆಯ ಸಂರಚನಾ ಕಡತದಲ್ಲಿ ಬರೆಯಬೇಕು. ಇದನ್ನು ಅನುಭವಿಗಳ ನೆರವಿನಿಂದ ಮಾಡುವುದು ಲೇಸು. ಪೆನ್ ಡ್ರೈವಿನಿಂದಲೇ ನೇರವಾಗಿ ನಡೆಸುವ ಲಿನಕ್ಸಿನಲ್ಲಿ, ವಿಶೇಷ ವ್ಯವಸ್ಥೆ ಮಾಡದ ಹೊರತು, ಪುನರಾರಂಭದ ಬಳಿಕ ಯಾವುದೂ ಉಳಿಯುವುದಿಲ್ಲ. ಅದರಲ್ಲಿ ತಯಾರಿಸಿದ ಕಡತಗಳನ್ನು ಬೇರೆಡೆ ನಕಲಿಸಿಯೇ ಯಂತ್ರವನ್ನು ನಿಲ್ಲಿಸಬೇಕು.

ಅಂಗಡಿಗೆ ಒಯ್ಯುವ ಮುನ್ನ

ಮೇಲಿನ ಕ್ರಮಗಳಿಂದಲೂ ಪರಿಹಾರ ದೊರೆಯದಿದ್ದರೆ ದುರಸ್ತಿಗಾರರ ನೆರವು ಪಡೆಯುವುದು ಸರಿಯೇ. ಆದರೆ ಅದಕ್ಕೆ ಮುನ್ನ ಮೂರು ಕೆಲಸಗಳನ್ನು ತಪ್ಪದೆ ಮಾಡಬೇಕು.

ಮೊದಲನೆಯದು, ಎಲ್ಲ ಕಡತಗಳನ್ನು ಎರಡು ಸ್ಥಳಗಳಲ್ಲಿ ನಕಲಿಸಿಡುವುದು. ಅವುಗಳಲ್ಲಿ ಒಂದು ಶಾಲೆಯ ಹೊರಗಿರಬೇಕು. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆಯ ಮಹಾಪೂರ ಸಾಂಗಲಿಯ ಬೀದಿಗಳಿಗೆ ನುಗ್ಗಿದ್ದನ್ನು ನೆನೆದರೆ, ಒಂದೇ ಕಪಾಟಿನಲ್ಲಿಟ್ಟ ಎರಡು ಪ್ರತಿಗಳು ಒಂದೇ ಪ್ರತಿಗೆ ಸಮ ಎಂಬುದು ಮನದಟ್ಟಾಗುತ್ತದೆ.

ಎರಡನೆಯದು, ಫಾಂಟುಗಳ ವಿಚಾರ. ನುಡಿ ಮೊದಲಾದ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಬೆರಳಚ್ಚಿಸಿದ ಹಳೆಯ ಕಡತಗಳು, ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಕಡತ ಉಳಿದೂ ಓದಲಾಗದ ಸ್ಥಿತಿ ಅದು. ಆದುದರಿಂದ ಕಡತಗಳೊಂದಿಗೆ ಫಾಂಟುಗಳನ್ನೂ ನಕಲಿಸಿಡಬೇಕು. ಸಾಧ್ಯವಾದಾಗ ಮುಖ್ಯವಾದವುಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು.

ಮೂರನೆಯದು, ಪರೀಕ್ಷೆಗಳ ಫಲಿತಾಂಶವನ್ನು ಬರೆದ ಕಾಗದವನ್ನು ಯಂತ್ರದೊಂದಿಗೆ ಕೊಡುವುದು. ‘ಟಚ್‌ಪ್ಯಾಡ್ ಕೆಟ್ಟಿದೆ’ ಎಂಬ ದೂರು ಫಾರ್ಮ್ಯಾಟಿಗೆ ದಾರಿ ಮಾಡಿಕೊಡುತ್ತದೆ. ‘ರಿಸ್ಟಾರ್ಟ್ ಮಾಡಿದರೆ ಉಳಿಯುತ್ತದೆ, ಶಟ್ ಡೌನ್ ಮಾಡಿದರೆ ಅಳಿಯುತ್ತದೆ, ಬೇರೆ ಯಾವುದೂ ಅಳಿಯುವುದಿಲ್ಲ’ ಎಂಬ ವಿವರ ಡ್ರೈವರಿನತ್ತ ಬೆರಳು ತೋರುತ್ತದೆ. ಕಾಗದದ ತುದಿಯಲ್ಲಿ ಅಂಗಡಿಯ ಭಾಷೆಯಲ್ಲಿಯೇ ‘ಫಾರ್ಮ್ಯಾಟ್ ಕರೂ ನಕಾ’ ಎಂದು ಸ್ಪಷ್ಟವಾಗಿ ಮರಾಠಿಯಲ್ಲಿ ಬರೆದಿಡುವುದು ಉಚಿತ.

ತರಗತಿಯಲ್ಲಿ ಉಪಯೋಗ

ಈ ವಿಚಾರಣೆಯನ್ನು ಶಿಕ್ಷಕರು ಒಬ್ಬರೇ ಮಾಡಬೇಕೆಂದಿಲ್ಲ. ಇಯತ್ತೆ ಏಳು ಅಥವಾ ಎಂಟರ ವಿದ್ಯಾರ್ಥಿಗಳಿಗೆ ಇದು ವ್ಯವಸ್ಥಿತ ಶೋಧನೆಯ ಒಳ್ಳೆಯ ಪಾಠವಾಗುತ್ತದೆ. ಮಕ್ಕಳು ಫಲಕದ ಮೇಲೆ ಒಂದು ಕೋಷ್ಟಕವನ್ನು ಬರೆಯಲಿ: ಏನನ್ನು ಬದಲಿಸಲಾಯಿತು, ಯಂತ್ರವನ್ನು ಹೇಗೆ ನಿಲ್ಲಿಸಲಾಯಿತು, ಏನು ಉಳಿಯಿತು, ಏನು ಅಳಿಯಿತು. ಪ್ರತಿ ಪರೀಕ್ಷೆಗೆ ಮುನ್ನ ಫಲಿತಾಂಶವನ್ನು ಊಹಿಸಲಿ. ಅನಂತರ ಊಹೆಯನ್ನು ಫಲದೊಂದಿಗೆ ಹೋಲಿಸಲಿ. ವಿಜ್ಞಾನದ ಪುಸ್ತಕದಲ್ಲಿ ಓದಿದ ಊಹೆ, ಪ್ರಯೋಗ, ನಿರ್ಣಯ ಎಂಬ ಪದಗಳು ಇಲ್ಲಿ ಅವರ ಕೈಗೆ ಬರುತ್ತವೆ. ‘ಮುಟ್ಟಬೇಡ, ಕೆಟ್ಟುಹೋಗುತ್ತದೆ’ ಎಂಬ ಎಚ್ಚರಿಕೆಯನ್ನೇ ಕೇಳಿ ಬೆಳೆದ ಮಗುವಿಗೆ, ಕೆಟ್ಟಂತೆ ಕಂಡದ್ದನ್ನು ವಿಚಾರಿಸಿ ಸರಿಪಡಿಸಬಹುದೆಂಬ ಅನುಭವ ದೊರೆಯುತ್ತದೆ.

ಕಾರಣ ದೊರೆತ ಬಳಿಕ, ಮಾಡಿದ ಹೊಂದಾಣಿಕೆಗಳನ್ನೂ ಅವುಗಳ ಮಾರ್ಗವನ್ನೂ ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಲ್ಯಾಪ್‌ಟಾಪಿನ ಚೀಲದಲ್ಲಿಡಬೇಕು. ಶಿಕ್ಷಕರು ವರ್ಗಾವಣೆಯಾಗಿ ಹೋದಾಗಲೂ ಆ ಹಾಳೆ ಶಾಲೆಯಲ್ಲಿ ಉಳಿಯುತ್ತದೆ. ಮುಂದೆ ಬರುವವರು ಅದನ್ನು ನೋಡಿ, ಯಂತ್ರವನ್ನು ಕಪಾಟಿಗೆ ಸೇರಿಸದೆ, ತರಗತಿಗೆ ಒಯ್ಯುತ್ತಾರೆ.